ಹತ್ತನೇ ಚೌಕದ ಬಾವಿ

ನಮ್ಮ ದ್ವೀಪದ ಬಗ್ಗೆ ನಿಮಗೇನಾದರೂ ಗೊತ್ತಿದ್ದರೆ ಅದರಲ್ಲಿ ಮುಕ್ಕಾಲು ಪಾಲು ನನ್ನ ಸೋದರಮಾವ ಹೇಳಿದ್ದು. ಉಳಿದ ಕಾಲು ಪಾಲು ನಿಜ.

ಮಾವ ಪ್ರವಾಸಿ ಇಲಾಖೆಯ ಬಸ್ಸಿನಲ್ಲಿ ಗೈಡು. ಇಪ್ಪತ್ತೆರಡು ವರ್ಷ ಡ್ರೈವರನ ಪಕ್ಕದಲ್ಲಿ ರಸ್ತೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ಮೈಕು ಹಿಡಿದು ಕೂತವರು. ಹೀಗಾಗಿ ಬಸ್ಸು ಎಲ್ಲಿಗೆ ಹೋಗುತ್ತಿದೆ ಎಂಬುದು ಅವರಿಗೆ ಯಾವತ್ತೂ ಕಾಣಿಸಲಿಲ್ಲ, ಎಲ್ಲಿಂದ ಬಂತು ಎಂಬುದಷ್ಟೇ ಕಾಣುತ್ತಿತ್ತು. ಇತಿಹಾಸ ಹೇಳುವವನು ಹಾಗೇ ಕೂರಬೇಕು ಎಂದು ಅವರ ವಾದ. ಬೆಳಗ್ಗೆ ಒಂಬತ್ತಕ್ಕೆ ಬಸ್ಸು ಹಡಗುಕಟ್ಟೆ ಬಿಟ್ಟ ಕೂಡಲೇ ಮೈಕನ್ನು ಎರಡು ಸಲ ತಟ್ಟಿ, "ಮೊದಲು ಭೂಗೋಳ" ಎನ್ನುವರು. ಊರಿಗೆಲ್ಲ ಅವರು ಭೂಗೋಳ ಎಂದೇ ಪರಿಚಯ. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಬೆಚ್ಚಗಿದೆ.

ಭೂಗೋಳ ಹೀಗಿತ್ತು: ದ್ವೀಪದ ಉದ್ದ ಹತ್ತೊಂಬತ್ತು ಮೈಲಿ, ಅಗಲ ಏಳು ಮೈಲಿ, ಉಬ್ಬರದ ಹೊತ್ತಿನಲ್ಲಿ ಆರೂವರೆ. ಅಳೆದವರು ಯಾರು ಎಂದು ಯಾರೂ ಕೇಳಲಿಲ್ಲವಾದ್ದರಿಂದ ಮಾವನೂ ಹೇಳಲಿಲ್ಲ. ನಡುವೆ ಒಂದು ಗುಡ್ಡ. ಅದು ಒಂದಾನೊಂದು ಕಾಲದಲ್ಲಿ ಬೆಂಕಿ ಉಗುಳುತ್ತಿತ್ತಂತೆ. ಈಗ ತುದಿಯಲ್ಲಿ ಯಾರಾದರೂ ಕಸ ಸುಟ್ಟರೆ ಮಾವ ದನಿ ತಗ್ಗಿಸಿ, "ನೋಡಿ, ನೋಡಿ, ಇವತ್ತು ಸ್ವಲ್ಪ ಸಿಟ್ಟಲ್ಲಿದೆ" ಎನ್ನುವರು. ಪ್ರವಾಸಿಗಳು ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವರು. ಹವಾಮಾನ ಎರಡು ಬಗೆ. ಆರು ತಿಂಗಳು ಮಳೆ, ಇನ್ನಾರು ತಿಂಗಳು ಮಳೆ ಬಂದೀತೆಂಬ ಆಸೆ.

ಇತಿಹಾಸ ಮಾತ್ರ ನಮ್ಮಲ್ಲಿ ಕೊಂಚ ಕಡಿಮೆ ಬಿದ್ದಿತ್ತು. ಒಂದು ಕೋಟೆ ಇದೆ. ಶತ್ರುಗಳು ಬರುತ್ತಾರೆಂದು ಕಟ್ಟಿದ್ದು. ಶತ್ರುಗಳು ದೂರದಿಂದಲೇ ನೋಡಿ, ಇಲ್ಲೇನಿದೆ ಮಣ್ಣು ಎಂದು ಮುಂದೆ ಹೋದರು. ಕೋಟೆಯ ಫಿರಂಗಿ ಒಂದೇ ಒಂದು ಸಲ ಹಾರಿ, ಗುಂಡು ಕೋಟೆಯೊಳಗೇ ಬಿತ್ತು. ಇಷ್ಟನ್ನೇ ಮಾವ ಮಹಾಯುದ್ಧ ಮಾಡಿ, ಅರ್ಧ ಗಂಟೆ ಎಳೆದು, ಕೊನೆಗೆ ನಮ್ಮವರೇ ಗೆದ್ದರು ಎನ್ನುತ್ತಿದ್ದರು. ಎದುರಾಳಿ ಯಾರೂ ಇರಲಿಲ್ಲವಾದ್ದರಿಂದ ಅದೂ ಸುಳ್ಳಲ್ಲ.

ನೋಡುವ ಜಾಗಗಳನ್ನು ಕೇಳಲೇಬೇಡಿ. ಮಳೆಗಾಲದಲ್ಲಿ ದಾರಿಯಿಲ್ಲದ, ಬೇಸಿಗೆಯಲ್ಲಿ ನೀರಿಲ್ಲದ ಒಂದು ಜಲಪಾತ. ಮೆಟ್ಟಿಲು ಮುರಿದ ದೀಪಸ್ತಂಭ. "ಇಲ್ಲಿ ಆಮೆಗಳು ಮೊಟ್ಟೆ ಇಡುತ್ತವೆ" ಎಂಬ ಬೋರ್ಡು ಹಾಕಿದ ಮೇಲೆ ಆಮೆಗಳು ಬರುವುದನ್ನು ಬಿಟ್ಟ ಕಡಲ ದಂಡೆ. ಸೂರ್ಯ ಪಡುವಣ ದಂಡೆಯ ಉದ್ದಕ್ಕೂ ಒಂದೇ ಸಮನೆ ಮುಳುಗುತ್ತಿದ್ದ. ಇಲಾಖೆಯವರು ಒಂದು ಕಡೆ ಕಬ್ಬಿಣದ ಕಟಾಂಜನ ಹಾಕಿಸಿದ ಮೇಲೆ ಅಲ್ಲಿ ಮಾತ್ರ ಮುಳುಗತೊಡಗಿದ. ಇನ್ನು ಬಸ್ಸಿನ ಸ್ಪೀಕರು ಮುಂದಿನ ನಾಲ್ಕು ಸಾಲಿಗೆ ಸಾಕಾಗುತ್ತಿತ್ತು. ಹಿಂದಿನ ಸೀಟಿನವರಿಗೆ ಬರೀ ಗೊರಗೊರ. "ಜೋರಾಗಿ ಹೇಳಿ, ಕೇಳಿಸ್ತಿಲ್ಲ" ಎಂದು ಅವರು ಕೂಗುವುದು, ಮಾವ ಕೇಳಿಸಿಕೊಳ್ಳದೆ ಮುಂದುವರಿಯುವುದು, ಇದು ಇಪ್ಪತ್ತೆರಡು ವರ್ಷದ ಪದ್ಧತಿ. ಚಿಕ್ಕವಳಿದ್ದಾಗ ರಜೆಯಲ್ಲಿ ಪುಕ್ಕಟೆಯಾಗಿ ಹಿಂದಿನ ಸೀಟಿನಲ್ಲಿ ಕೂತು ತಿರುಗಿದವಳು ನಾನು. ನಮ್ಮ ಇತಿಹಾಸದಲ್ಲಿ ನನಗೆ ನಂಬಿಕೆ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಈಗ ಬಾವಿಯ ವಿಷಯ.

ಮಾವ ಮನೆಯಳಿಯ. ಮನೆ ಅತ್ತೆಯ ಅಪ್ಪನದು. ಗುಡ್ಡ ಹತ್ತುವ ರಸ್ತೆಯ ಮೂರನೇ ತಿರುವಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಜಗಲಿ, ಪಕ್ಕದಲ್ಲಿ ಬಾವಿ. ಅತ್ತೆಯ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ನಮ್ಮ ದ್ವೀಪದಲ್ಲಿ ಎಲ್ಲಿ ಅಗೆದರೂ ನೀರು ಸಿಗುತ್ತದೆ, ಕುಡಿಯಲು ಬರುವುದಿಲ್ಲ ಅಷ್ಟೇ. ಮೇಸ್ತ್ರಿ ಮೊದಲು ಒಂದು ಬಾವಿ ತೋಡಿದ, ಉಪ್ಪು ನೀರು ಬಂತು, ಮುಚ್ಚಿದ. ಎರಡನೆಯದು ತೋಡಿದ, ಅದೂ ಉಪ್ಪು. ಜನ ಮುಖದ ಮೇಲೇ ನಕ್ಕರು. ಮೂರನೆಯದನ್ನು ಹಗಲು ಹೊತ್ತು ಊರವರ ಗೋಡೆ ಕಟ್ಟಿ ಬಂದು ಸಂಜೆ ಸಂಜೆ ತೋಡಿದ. ಅವನು ಕೆಳಗೆ ಅಗೆಯುವುದು, ಹೆಂಡತಿ ಮೇಲೆ ನಿಂತು ರಾಟೆಯಲ್ಲಿ ಮಣ್ಣಿನ ಬುಟ್ಟಿ ಎಳೆಯುವುದು, ಹೀಗೆ ಹದಿನಾಲ್ಕು ತಿಂಗಳು. ನಡುವೆ ಒಂದು ಕಲ್ಲು ಉರುಳಿ ಬಲಗೈಯ ಕಿರುಬೆರಳು, ಉಂಗುರದ ಬೆರಳು ಅರ್ಧರ್ಧ ಹೋದವು. ನಲವತ್ತೊಂದು ಅಡಿಗೆ ಸಿಹಿನೀರಿನ ಸೆಲೆ ಸಿಕ್ಕಿತು. ಕಟ್ಟೆ ಕಟ್ಟಿ ಮುಗಿಸಿದ ದಿನ ಮೇಸ್ತ್ರಿ ಹಸಿ ಗಾರೆಯ ಮೇಲೆ ಆ ಮೂರು ಚಿಲ್ಲರೆ ಬೆರಳಿನ ಅಂಗೈಯನ್ನು ಒತ್ತಿ, ಏಳು ವರ್ಷದ ಮಗಳಿಗೆ, "ನೋಡು ಮಗಾ, ಇದು ನನ್ನ ಸಹಿ" ಅಂದನಂತೆ. ಓದು ಬರಹ ಬಾರದವನು. ಜೀವಮಾನದಲ್ಲಿ ಅವನು ಹಾಕಿದ ಸಹಿ ಅದೊಂದೇ. ಆ ಏಳು ವರ್ಷದ ಮಗಳೇ ನಮ್ಮ ಅತ್ತೆ.

ಮೇಸ್ತ್ರಿಗೆ ಸಮುದ್ರ ಅಂದರೆ ಆಗುತ್ತಿರಲಿಲ್ಲ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಆಚೆ ದಡಕ್ಕೆ ದೋಣಿ ಹತ್ತಿ, ದಾರಿಯುದ್ದ ವಾಂತಿ ಮಾಡಿ, ಮರಳಿ ಬರುವುದೂ ನೀರಿನ ಮೇಲೆಯೇ ಎಂದು ಗೊತ್ತಾದಾಗ ಚಿಕ್ಕ ಮಗುವಿನಂತೆ ಅತ್ತನಂತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾವ ಗೈಡಾದ ಮೊದಲ ವರ್ಷ. ಮೇಸ್ತ್ರಿ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಇಲಾಖೆಯ ಬಸ್ಸಿಗೆ ಒಂದು ರೋಗವಿತ್ತು: ಗುಡ್ಡ ಹತ್ತುವಾಗ ಸರಿಯಾಗಿ ಮೂರನೇ ತಿರುವಿಗೆ ಅದರ ರೇಡಿಯೇಟರ್ ಕುದಿಯುತ್ತಿತ್ತು. ನೀರು ಹಾಕಬೇಕು, ಇಂಜಿನ್ನು ಆರಬೇಕು, ಇಪ್ಪತ್ತು ನಿಮಿಷ. ನೀರು ಸಿಗುವುದು ಮಾವನ ಮನೆಯ ಬಾವಿಯಲ್ಲಿ. ಡ್ರೈವರ್ ಕೊಡ ಹಿಡಿದು ಬಾವಿಗೆ, ನಲವತ್ತು ಪ್ರವಾಸಿಗಳು ಬಿಸಿಲಿಗೆ. ಅವರಲ್ಲೊಬ್ಬ ಹೆಂಗಸು ಕೈಚೀಲದಿಂದ ಗಾಳಿ ಬೀಸಿಕೊಳ್ಳುತ್ತ ಕೇಳಿದಳು: "ಈ ಜಾಗದ ವಿಶೇಷ ಏನ್ರೀ? ಯಾಕೆ ನಿಲ್ಸಿದೀರಿ?"

ರೇಡಿಯೇಟರ್ ಕುದೀತಾ ಇದೆ ಎಂದು ಹೇಳಬಹುದಿತ್ತು. ಆದರೆ ಮೈಕು ಹಿಡಿದವನ ನಾಲಿಗೆ ಸುಮ್ಮನಿರುತ್ತದೆಯೇ? ಕಟ್ಟೆಯ ಮೇಲಿನ ಅಂಗೈ ಗುರುತು ಕಣ್ಣಿಗೆ ಬಿತ್ತು. "ಇದಾ? ಇದು ಕಪ್ತಾನನ ಬಾವಿ" ಅಂದರು ಮಾವ. ಮುನ್ನೂರು ವರ್ಷದ ಹಿಂದೆ ಒಂದು ಹಡಗು ಒಡೆಯಿತು; ಕಪ್ತಾನನೊಬ್ಬನೇ ಈಜಿ ದಡ ಸೇರಿದ; ಬಾಯಾರಿ ಸಾಯುತ್ತಿದ್ದವನು ತನ್ನ ಕತ್ತಿಯಿಂದಲೇ ಈ ಬಾವಿ ತೋಡಿದ. ಬೆರಳುಗಳೇ? ಕಡಲ್ಗಳ್ಳರ ಜೊತೆ ಕಾಳಗದಲ್ಲಿ ಹೋದವು. ಈ ನೀರು ಕುಡಿದವರು ಮತ್ತೆ ದ್ವೀಪಕ್ಕೆ ಬಂದೇ ಬರುತ್ತಾರೆ. ನಲವತ್ತು ಜನವೂ ಕುಡಿದರು. ಕತ್ತಿಯಿಂದ ನಲವತ್ತೊಂದು ಅಡಿ ಹೇಗೆ ತೋಡಿದ ಎಂದು ಒಬ್ಬ ಮಹಾರಾಯನೂ ಕೇಳಲಿಲ್ಲ.

ಮರುದಿನವೂ ಬಸ್ಸು ಅಲ್ಲೇ ಕುದಿಯಿತು. ಅದರ ಮರುದಿನವೂ. ಆರು ತಿಂಗಳಲ್ಲಿ ಕಪ್ತಾನನಿಗೆ ಒಂದು ಗಡ್ಡ ಬಂತು, ಒಬ್ಬ ಪ್ರೇಯಸಿ ಬಂದಳು. ಹೆಸರು ಮಾತ್ರ ಮಾವ ಕೊಡಲಿಲ್ಲ. "ಹೆಸರು ಕೊಟ್ರೆ ಯಾರಾದ್ರೂ ಹುಡುಕ್ತಾರೆ. ಹೆಸರಿಲ್ಲದವನನ್ನ ಎಲ್ಲಿ ಹುಡುಕ್ತಾರೆ?" ಎಂದು ಒಮ್ಮೆ ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದರು. ಅನುಭವಸ್ಥರು.

ಅತ್ತೆ ಮೊದಮೊದಲು ಜಗಳವಾಡಿದಳು.

"ರೀ, ಅದು ನಮ್ಮಪ್ಪನ ಕೈ."

"ನನಗೆ ಗೊತ್ತಿಲ್ವಾ? ಆದ್ರೆ ಗಾರೆ ಮೇಸ್ತ್ರಿ ಬಾವಿ ತೋಡಿದ ಅಂದ್ರೆ ಯಾರು ಬಸ್ ಇಳೀತಾರೆ ಹೇಳು."

"ಇಳೀದಿದ್ರೆ ಬೇಡ. ಒಂದ್ಸಲನಾದ್ರೂ ಅವನ ಹೆಸರು ಹೇಳಿ. ಒಂದೇ ಸಲ."

"ಹೇಳ್ತೀನಿ, ಹೇಳ್ತೀನಿ. ಸೀಸನ್ ಮುಗೀಲಿ."

ಇಪ್ಪತ್ತೆರಡು ಸೀಸನ್ನು ಮುಗಿದವು. ಅತ್ತೆ ಕೇಳುವುದನ್ನು ಬಿಟ್ಟಳು. ಬಸ್ಸು ಬರುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಮುಚ್ಚುವ ಅಭ್ಯಾಸ ಮಾಡಿಕೊಂಡಳು. ಅಪ್ಪನ ಗುದ್ದಲಿಯನ್ನು ಮಾತ್ರ ಬಾಗಿಲ ಹಿಂದೆ ನಿಲ್ಲಿಸಿಕೊಂಡಿದ್ದಳು. ಸವೆದು ಸವೆದು ಅದು ಒಂದು ದೊಡ್ಡ ಚಮಚದಷ್ಟಾಗಿತ್ತು.

ಈ ಪಾಪದಲ್ಲಿ ನನ್ನ ಪಾಲೂ ಇದೆ, ಹೇಳಿಬಿಡುತ್ತೇನೆ. ನಾನು ಪೇಟೆಯ ಪ್ರೆಸ್ಸಿನಲ್ಲಿ ಪುಟ ಜೋಡಿಸುವವಳು. ಹನ್ನೊಂದು ವರ್ಷದ ಹಿಂದೆ ಆಚೆ ದಡದ ದೊಡ್ಡ ಕಚೇರಿಯಿಂದ ಪ್ರವಾಸಿ ಪುಸ್ತಿಕೆಯ ಮಾದರಿ ಬಂತು. "ನೋಡಲೇಬೇಕಾದ ಹತ್ತು ತಾಣಗಳು" ಎಂಬ ತಲೆಬರಹ, ಕೆಳಗೆ ಹತ್ತು ಚೌಕ. ಎಲ್ಲ ದ್ವೀಪಗಳಿಗೂ ಅದೇ ಮಾದರಿ, ಬದಲಿಸುವ ಹಾಗಿಲ್ಲ. ನಾನು ಎಷ್ಟು ಎಣಿಸಿದರೂ ನಮ್ಮಲ್ಲಿ ಒಂಬತ್ತೇ. ಅದೂ ಹಡಗುಕಟ್ಟೆಯ ಶೌಚಾಲಯವನ್ನು "ಪ್ರವಾಸಿ ಸೌಕರ್ಯ ಕೇಂದ್ರ" ಮಾಡಿ ಸೇರಿಸಿಕೊಂಡ ಮೇಲೆ. ಮಾವನಿಗೆ ಫೋನು ಮಾಡಿದೆ.

"ಒಂದು ಚೌಕ ಖಾಲಿ ಉಳೀತಿದೆ ಮಾವ. ಸಾಯಂಕಾಲ ಅಚ್ಚಿಗೆ ಹೋಗ್ಬೇಕು."

"ನಮ್ಮ ಬಾವಿ ಹಾಕು."

"ಅತ್ತೆ ಏನಂತಾಳೆ?"

"ಅವಳು ಇದನ್ನೆಲ್ಲ ಓದ್ತಾಳಾ? ಹಾಕು ಹಾಕು."

ಹಾಕಿದೆ. ಹತ್ತನೇ ಚೌಕದಲ್ಲಿ ಎಂಟು ಸಾಲು. ಅತ್ತೆ ಓದಿದಳು. ಅಂಗಡಿಯವನು ಆ ಪುಸ್ತಿಕೆಯ ಹಾಳೆಯಲ್ಲೇ ಕಡಲೆಕಾಯಿ ಕಟ್ಟಿ ಕೊಟ್ಟಿದ್ದ. ಮುಂದಿನ ಸಲ ನಾನು ಮನೆಗೆ ಹೋದಾಗ ಆ ಹಾಳೆಯನ್ನು ನೀಟಾಗಿ ಬಿಡಿಸಿ ನನ್ನ ಮುಂದಿಟ್ಟು, "ನಿನ್ನ ಕೈಯಲ್ಲೇ ಅಚ್ಚಾಯ್ತಾ?" ಎಂದು ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ಎತ್ತಲಾಗದೆ ಅವಳು ಕೊಟ್ಟ ಚಹಾ ಕುಡಿದು ಬಂದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಹೋದ ವರ್ಷ ದೊಡ್ಡ ಕಚೇರಿಗೆ ಹೊಸ ಅಧಿಕಾರಿ ಬಂದ. ದ್ವೀಪಕ್ಕೆ ಬಂದಿಳಿದು, ಪುಸ್ತಿಕೆ ಹಿಡಿದು ಹತ್ತೂ ಚೌಕಗಳನ್ನು ಒಂದೇ ದಿನದಲ್ಲಿ ನೋಡಿದ. ಜಲಪಾತದಲ್ಲಿ ನೀರಿರಲಿಲ್ಲ, ದೀಪಸ್ತಂಭಕ್ಕೆ ಬೀಗವಿತ್ತು, ಆಮೆಗಳು ರಜೆಯಲ್ಲಿದ್ದವು. ಬಾವಿಯಲ್ಲಿ ಮಾತ್ರ ನೀರಿತ್ತು. ಪಾಪ, ಅವನಿಗೂ ಏನಾದರೊಂದು ಅಭಿವೃದ್ಧಿ ಮಾಡಲೇಬೇಕಿತ್ತು. ಹಿಂದೆಯೇ ಒಬ್ಬ ತಜ್ಞ ಬಂದ. ಅಂಗೈ ಗುರುತನ್ನು ಟೇಪಿನಿಂದ ಅಳೆದ, ಭೂತಗನ್ನಡಿಯಲ್ಲಿ ನೋಡಿದ, ಗಾರೆಯ ಚೂರನ್ನು ನಾಲಿಗೆಗೆ ತಾಗಿಸಿದ, ಮುನ್ನೂರು ವರ್ಷಕ್ಕೆ ಕಡಿಮೆಯಿಲ್ಲ ಎಂದು ವರದಿ ಬರೆದ. ಆಧಾರ: "ಸ್ಥಳೀಯ ಬಾಯ್ಮಾತಿನ ಪರಂಪರೆ". ಆ ಪರಂಪರೆ ಅವನ ಪಕ್ಕದಲ್ಲೇ ಮೈಕು ಹಿಡಿದು ನಿಂತಿತ್ತು.

ಒಂದು ತಿಂಗಳಿಗೆ ನೋಟಿಸು ಬಂತು. ಕಪ್ತಾನನ ಬಾವಿ ಪಾರಂಪರಿಕ ತಾಣವೆಂದು ಘೋಷಣೆಯಾಗಿದೆ. ಬಾವಿಯ ಸುತ್ತ ನೂರು ಅಡಿಯೊಳಗಿನ ಖಾಸಗಿ ಕಟ್ಟಡಗಳನ್ನು ಅರವತ್ತು ದಿನದಲ್ಲಿ ತೆರವು ಮಾಡತಕ್ಕದ್ದು. ಅಲ್ಲಿ ಟಿಕೆಟ್ ಕೌಂಟರು, ವಾಹನ ನಿಲ್ದಾಣ, ನೆನಪಿನ ಕಾಣಿಕೆಗಳ ಅಂಗಡಿ ಬರಲಿವೆ. ನೂರು ಅಡಿಯೊಳಗೆ ಇದ್ದ ಖಾಸಗಿ ಕಟ್ಟಡ ಒಂದೇ. ಅದರ ಅಡುಗೆಮನೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಿದ್ದಳು.

ಮಾವ ಜಗಲಿಯ ಬೆಳಕಿಗೆ ಬಂದರು. ನೋಟಿಸನ್ನು ನಾಲ್ಕು ಸಲ ಓದಿದರು, ಕನ್ನಡಕ ಒರೆಸಿ ಐದನೇ ಸಲ ಓದಿದರು. ಅತ್ತೆ ಇಷ್ಟೇ ಅಂದಳು: "ನೀವು ಕಟ್ಟಿದ ಹಡಗು, ನಮ್ಮ ಮನೆಗೇ ಬಂದು ಗುದ್ದಿತು."

"ನಾನೇ ಹೋಗಿ ನಿಜ ಹೇಳ್ತೀನಿ" ಅಂದರು ಮಾವ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಈ ಉಪಾಯ ಹೊಳೆದದ್ದು ಇದೇ ಮೊದಲು.

ವಿಚಾರಣೆ ಪೇಟೆಯ ಇಲಾಖೆ ಕಚೇರಿಯಲ್ಲಿ. ಉದ್ದನೆಯ ಮೇಜು, ಗಾಳಿಗಿಂತ ಸದ್ದು ಹೆಚ್ಚು ಮಾಡುವ ಫ್ಯಾನು, ಗೋಡೆಯ ಮೇಲೆ ಎಂದೋ ನಿಂತುಹೋದ ಗಡಿಯಾರ. ಒಂದು ಕಡೆ ಅಧಿಕಾರಿ, ಅವನ ಪಕ್ಕ ಗುಮಾಸ್ತೆ. ಈಚೆ ಕಡೆ ಮಾವ, ಅತ್ತೆ, ನಾನು. ಅತ್ತೆಯ ತೊಡೆಯ ಮೇಲೆ ಹಳೆ ಟವೆಲಿನಲ್ಲಿ ಸುತ್ತಿದ ಗುದ್ದಲಿ.

ಮಾವ ಎದ್ದು ನಿಂತರು. "ಸಾರ್, ಕಪ್ತಾನ ಅನ್ನೋನು ಇಲ್ಲವೇ ಇಲ್ಲ. ನಾನು ಕಟ್ಟಿದ ಕಥೆ ಅದು. ಬಸ್ಸಿನ ರೇಡಿಯೇಟರ್ ಕುದೀತಿತ್ತು, ಜನರ ಹೊತ್ತು ಕಳೆಯಬೇಕಿತ್ತು, ಹೇಳ್ಬಿಟ್ಟೆ."

ಅಧಿಕಾರಿ ಕುರ್ಚಿಗೆ ಒರಗಿ ನಕ್ಕ. "ನೋಡ್ರೀ, ಮನೆ ಹೋಗುತ್ತೆ ಅಂತ ಇತಿಹಾಸಕ್ಕೇ ಮಸಿ ಬಳೀಬಾರ್ದು."

"ಇತಿಹಾಸ ಅಲ್ಲ ಸಾರ್, ಸುಳ್ಳು. ನನ್ನಾಣೆಗೂ ಸುಳ್ಳು."

"ಹಾಗಾದ್ರೆ ಇದೇನು?" ಅಧಿಕಾರಿ ಮೇಜಿನ ಮೇಲೆ ಹನ್ನೊಂದು ವರ್ಷದ ಹನ್ನೊಂದು ಪುಸ್ತಿಕೆಗಳನ್ನು ಹರಡಿದ. ನನ್ನ ಹತ್ತನೇ ಚೌಕ ಹನ್ನೊಂದು ಸಲ ನನ್ನ ಕಡೆ ನೋಡಿತು. "ಅಚ್ಚಾಗಿದೆ. ತಜ್ಞರ ವರದಿ ಇದೆ. ಒಬ್ಬರು ಇದರ ಮೇಲೆ ಪ್ರಬಂಧ ಬರೆದು ಪದವಿ ತಗೊಂಡಿದಾರೆ. ನೀವೊಬ್ಬರು ಸುಳ್ಳು ಅಂದ್ರೆ ಸುಳ್ಳಾಗಿಬಿಡುತ್ತಾ? ನೀವ್ಯಾರು?"

"ನಾನೇ ಸಾರ್ ಅದನ್ನೆಲ್ಲ ಹೇಳಿದ್ದು!"

"ಆಗ ಹೇಳಿದ್ದು ನಿಜ ಅಂತ ನಂಬಿದ್ವಿ. ಈಗ ಹೇಳೋದನ್ನ ಯಾಕೆ ನಂಬ್ಬೇಕು? ನೀವು ಸುಳ್ಳು ಹೇಳ್ತೀರಿ ಅಂತ ನೀವೇ ಒಪ್ಕೊಂಡಿದೀರಲ್ಲ."

ಮಾವ ಕೂತರು. ಅವರ ಜಾಗದಲ್ಲಿ ಯಾರಿದ್ದರೂ ಕೂರುತ್ತಿದ್ದರು.

ಅತ್ತೆ ಟವೆಲು ಬಿಚ್ಚಿದಳು. ಗುದ್ದಲಿಯನ್ನು ಮೇಜಿನ ಮೇಲಿಟ್ಟು, "ನಮ್ಮಪ್ಪ ಇದರಲ್ಲಿ ತೋಡಿದ್ದು ಸ್ವಾಮಿ. ನಾನು ಕಣ್ಣಾರೆ ನೋಡಿದೀನಿ. ನಮ್ಮಮ್ಮ ಮಣ್ಣು ಎಳೆದೂ ಎಳೆದೂ ಅಂಗೈ ಸುಲಿದುಹೋಗಿತ್ತು" ಅಂದಳು. ಅಧಿಕಾರಿ ಗುದ್ದಲಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಕಣ್ಣು ಹೊಳೆಯಿತು. "ಎಷ್ಟು ಹಳೇದಿದೆ! ಅಮ್ಮಾ, ಇದನ್ನ ಮ್ಯೂಸಿಯಮ್ಮಿಗೆ ಕೊಡ್ತೀರಾ? ಕಪ್ತಾನನ ಗುದ್ದಲಿ ಅಂತ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ." ಅತ್ತೆ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ನನಗೆ ಆ ಮನುಷ್ಯನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹಾಗೆ ಮಾಡುವ ಬದಲು ನಾನು ಫ್ಯಾನು ನೋಡಿದೆ. ಇಲಾಖೆಯ ಕೆಲಸ ನಮ್ಮ ಪ್ರೆಸ್ಸಿನ ಅನ್ನ.

ಹೊರಗೆ ಬಂದಾಗ ಗುಮಾಸ್ತೆ ಹಿಂದೆಯೇ ಬಂದ. ಒಳ್ಳೆಯ ಮನುಷ್ಯ, ಅಂದರೆ ಕಾನೂನಿನ ತೂತುಗಳು ಗೊತ್ತಿದ್ದವನು. ದನಿ ತಗ್ಗಿಸಿ ಹೇಳಿದ: "ಒಂದು ದಾರಿ ಇದೆ. ಚಾರಿತ್ರಿಕ ವ್ಯಕ್ತಿಯ ವಂಶಸ್ಥರು ಅಲ್ಲೇ ವಾಸ ಇದ್ರೆ ತೆರವು ಮಾಡೋ ಹಾಗಿಲ್ಲ, ನಿಯಮ ಇದೆ. ಪಾಲಕರು ಅಂತ ಇರಬಹುದು, ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ. ಅಮ್ಮ ಕಪ್ತಾನನ ವಂಶದವರು ಅಂತ ಈ ಅರ್ಜೀಲಿ ಬರೆದು ಕೊಟ್ರೆ ಮುಗೀತು. ಸೋಮವಾರದೊಳಗೆ ಕೊಡಿ."

ಮಾವನ ಮುಖಕ್ಕೆ ಜೀವ ಬಂತು. ಬಸ್ಸು ಹತ್ತುವ ಮೊದಲೇ ಅವರ ತಲೆಯಲ್ಲಿ ಕಪ್ತಾನನಿಗೆ ಮದುವೆಯಾಗಿ, ಮೂರು ಮಕ್ಕಳಾಗಿ, ಎರಡನೆಯವನ ಸಂತಾನ ಗುಡ್ಡದ ಕಡೆ ಬಂದು ನೆಲೆಸಿಯೂ ಆಗಿತ್ತು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಮನೆಯಲ್ಲಿ ಮೂರು ದಿನ ಅದೇ ಗೋಳು. ಬರೆದು ಕೊಟ್ಟರೆ ಮನೆ ಉಳಿಯುತ್ತದೆ, ಅಪ್ಪ ಹೋಗುತ್ತಾನೆ. ಬರೆದು ಕೊಡದಿದ್ದರೆ ಮನೆಯೂ ಹೋಗುತ್ತದೆ, ಬಾವಿಯೂ ಹೋಗುತ್ತದೆ. ಅಪ್ಪ ಹೇಗೂ ಇಪ್ಪತ್ತೆರಡು ವರ್ಷದ ಹಿಂದೆಯೇ ಹೋಗಿದ್ದಾನೆ. ಅತ್ತೆ ಈ ಲೆಕ್ಕವನ್ನು ಬಾಯಿ ಬಿಟ್ಟು ಹೇಳಲಿಲ್ಲ. ಬೆಳಗ್ಗೆ ನೀರು ಸೇದುವಾಗ ಆ ಅಂಗೈ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ಸುಮ್ಮನೆ ನಿಂತಿರುತ್ತಿದ್ದಳು. ಅವಳ ಕೈ ಅದರೊಳಗೆ ಮುಳುಗುತ್ತಿತ್ತು, ಎರಡು ಬೆರಳಿನ ತುದಿ ಮಾತ್ರ ಹೊರಗೆ ಉಳಿಯುತ್ತಿದ್ದವು. ಮಾವ ಜಗಲಿಯಿಂದ ಅದನ್ನು ನೋಡಿ ಒಳಗೆ ಹೋಗುವರು, ಮತ್ತೆ ಹೊರಗೆ ಬರುವರು. ಎರಡನೇ ದಿನ ನನ್ನ ಹತ್ತಿರ, "ನಾನು ಎಂಥ ಕತ್ತೆ ನೋಡು" ಅಂದರು. ನಾನು ಅಲ್ಲ ಎನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ತಾನಾಗಿಯೇ, "ತನ್ನಿ ಅರ್ಜಿ" ಅಂದಳು.

ಮಾವ ಅರ್ಜಿಯನ್ನು ನೆಲದ ಮೇಲೆ ಹರಡಿ ಕೂತರು. ಮೇಲೆ ದಪ್ಪಕ್ಷರದಲ್ಲಿ "ಕಪ್ತಾನನ ಬಾವಿ: ವಂಶಸ್ಥರ ಘೋಷಣೆ" ಎಂದು ಅಚ್ಚಾಗಿತ್ತು. ಅಚ್ಚು ನಮ್ಮ ಪ್ರೆಸ್ಸಿನದೇ. ಮೊದಲನೇ ಅಂಕಣ: ಬಾವಿ ತೋಡಿದವರ ಪೂರ್ಣ ಹೆಸರು. ಮಾವ ಪೆನ್ನಿನ ತುದಿ ಕಚ್ಚಿದರು. ಇಪ್ಪತ್ತೆರಡು ವರ್ಷ ತಪ್ಪಿಸಿಕೊಂಡು ತಿರುಗಿದ ಹೆಸರು ಈಗ ಎದುರಿಗೇ ಬಂದು ಕೂತಿತ್ತು.

"ಸ್ವಲ್ಪ ಪರದೇಶದ ಹೆಸರಿನ ಹಾಗೆ ಇರ್ಬೇಕು" ಎಂದು ಶುರು ಮಾಡಿದರು. "ಉದ್ದಕ್ಕೆ, ಸ್ವಲ್ಪ ಗತ್ತಿರೋ ಥರ..."

"ಕೊಡ್ರೀ ಇಲ್ಲಿ" ಅಂದಳು ಅತ್ತೆ.

ಪೆನ್ನು ತೆಗೆದುಕೊಂಡಳು. ಅತ್ತೆಯ ಬರವಣಿಗೆ ನಿಧಾನ, ಒಂದೊಂದು ಅಕ್ಷರವನ್ನೂ ಅಕ್ಕಿ ಆರಿಸಿದ ಹಾಗೆ ಬರೆಯುತ್ತಾಳೆ. ಮೊದಲನೇ ಅಂಕಣದಲ್ಲಿ ತನ್ನ ಅಪ್ಪನ ಹೆಸರು ಬರೆದಳು. ಊರಿನ ಹೆಸರು, ತಾತನ ಹೆಸರು ಸಮೇತ ಪೂರ್ತಿ ಹೆಸರು, ಒಂದಕ್ಷರ ಬಿಡದೆ. ಎರಡನೇ ಅಂಕಣ: ಅವರಿಗೂ ಅರ್ಜಿದಾರರಿಗೂ ಇರುವ ಸಂಬಂಧ. ಬರೆದಳು: ಮಗಳು. ಮೂರನೆಯದು: ಅರ್ಜಿದಾರರ ವಯಸ್ಸು. ಐವತ್ತೊಂಬತ್ತು.

ಮಾವ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡರು. "ಏ, ಮುನ್ನೂರು ವರ್ಷದ ಕಪ್ತಾನನಿಗೆ ಐವತ್ತೊಂಬತ್ತು ವರ್ಷದ ಮಗಳಾ? ನಾಳೆ ನಮ್ಮನ್ನ ಒದ್ದು ಓಡಿಸ್ತಾರೆ!"

"ತಲೆಬರಹ ಅವರದು, ಉತ್ತರ ನಂದು. ನಾನು ಒಂದು ಸುಳ್ಳೂ ಬರೆದಿಲ್ಲ. ಒದ್ದು ಓಡಿಸಿದ್ರೆ ನಿಜ ಹೇಳಿ ಹೋದ್ವಿ ಅಂತನಾದ್ರೂ ಆಗುತ್ತೆ" ಎಂದು ಪೆನ್ನಿನ ಮುಚ್ಚಳ ಹಾಕಿದಳು.

ಸೋಮವಾರ ಅರ್ಜಿ ಕೊಟ್ಟು ಬಂದೆವು. ಎರಡು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮಾವ ಬಸ್ಸಿನಲ್ಲಿ ಭೂಗೋಳವನ್ನೇ ತಪ್ಪು ಹೇಳಿ, ಅಗಲವನ್ನು ಉದ್ದ ಮಾಡಿದರಂತೆ. ಪ್ರವಾಸಿಗಳಿಗೆ ವ್ಯತ್ಯಾಸ ತಿಳಿಯಲಿಲ್ಲ.

ಮೂರನೇ ವಾರ ಮಂಜೂರಾತಿ ಬಂತು. ಗುಮಾಸ್ತೆ ಮೊಹರು ಹಾಕಿದ್ದ, ಮೇಲಿನವನು ಸಹಿ ಹಾಕಿದ್ದ, ಅದರ ಮೇಲಿನವನು "ನೋಡಿದೆ" ಎಂದು ಬರೆದಿದ್ದ. ಮುನ್ನೂರರಿಂದ ಐವತ್ತೊಂಬತ್ತನ್ನು ಕಳೆಯುವ ಕೆಲಸ ಇಲಾಖೆಯಲ್ಲಿ ಯಾರ ಹೊಣೆಯೂ ಅಲ್ಲವಾದ್ದರಿಂದ ಯಾರೂ ಕಳೆದಿರಲಿಲ್ಲ. ಎಲ್ಲ ಅಂಕಣಗಳೂ ತುಂಬಿದ್ದವು, ಅಷ್ಟು ಸಾಕು. ತಜ್ಞ ಮಾತ್ರ ಹೆಚ್ಚುವರಿ ಟಿಪ್ಪಣಿ ಬರೆದಿದ್ದ: ಕಪ್ತಾನನ ಹೆಸರು ಸ್ಥಳೀಯರ ಹೆಸರಿನಂತೆಯೇ ಇರುವುದು ಅವನು ಈ ನೆಲದೊಂದಿಗೆ ಎಷ್ಟು ಬೆರೆತಿದ್ದ ಎಂಬುದಕ್ಕೆ ಸಾಕ್ಷಿ.

ಮನೆ ಉಳಿಯಿತು. ಟಿಕೆಟ್ ಕೌಂಟರು ರಸ್ತೆಯ ಆಚೆ ಬದಿಗೆ ಹೋಯಿತು. ಬಾವಿಯ ಕಟ್ಟೆಗೆ, ಸರಿಯಾಗಿ ಅಂಗೈ ಗುರುತಿನ ಕೆಳಗೆ, ಒಂದು ಕಪ್ಪು ಕಲ್ಲು ಕೂರಿಸಿದರು. ಕಲ್ಲಿನ ಮೇಲೆ ಏಳು ಸಾಲು: ಹಡಗು, ಬಿರುಗಾಳಿ, ಕತ್ತಿ, ಕಡಲ್ಗಳ್ಳರು, ಎಲ್ಲ ಮಾವನ ಅಡುಗೆ. ನಡುವೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರು. ದೋಣಿಯಲ್ಲಿ ಹಲ್ಲು ನೋವಿಗಿಂತ ಹೆಚ್ಚಾಗಿ ಸಮುದ್ರಕ್ಕೆ ಹೆದರಿ ಅತ್ತ ಮೇಸ್ತ್ರಿ ಏಳು ಸಮುದ್ರಗಳ ಒಡೆಯನಾಗಿಬಿಟ್ಟ. ನಾನು ಪುಟ ತಿದ್ದುವವಳ ಕಣ್ಣಿನಿಂದ ಮೂರು ಸಲ ಓದಿದೆ. ಇಡೀ ಕಲ್ಲಿನಲ್ಲಿ ತಪ್ಪಿಲ್ಲದ್ದು ಆ ಹೆಸರೊಂದೇ.

ಉದ್ಘಾಟನೆ ಶನಿವಾರ ಬೆಳಗ್ಗೆ ಹತ್ತಕ್ಕೆ. ಅಧಿಕಾರಿ ಬಂದ, ಕತ್ತರಿ ಬಂತು, ಮೂರು ಬಸ್ಸು ತುಂಬ ಜನ ಬಂದರು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅತ್ತೆಗೆ ವಂಶಸ್ಥೆಯೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅವಳು ಅಲ್ಲಿ ಕೂರಲಿಲ್ಲ. ಎಲ್ಲರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. ಇಪ್ಪತ್ತೆರಡು ವರ್ಷ ಬಸ್ಸಿನ ಹೊತ್ತಿಗೆ ಮುಚ್ಚಿದ್ದ ಕಿಟಕಿ ಅವತ್ತು ತೆರೆದಿತ್ತು.

ಮಾವನ ಕೈಗೆ ಮೈಕು ಕೊಟ್ಟರು. ಎರಡು ಸಲ ತಟ್ಟಿದರು. ಭೂಗೋಳ ಹೇಳಲಿಲ್ಲ. "ಈ ಬಾವಿ ತೋಡಿದವರು..." ಎಂದು ನಿಲ್ಲಿಸಿದರು. ಮದುವೆಯಾದ ದಿನದಿಂದ ಆ ಮನುಷ್ಯನ ಮನೆಯಲ್ಲಿ ಉಂಡು, ಆ ನೀರು ಕುಡಿದು, ಆ ಹೆಸರನ್ನು ಒಂದು ಸಲವೂ ಮೈಕಿನಲ್ಲಿ ಹೇಳದವರು. ಕಲ್ಲಿನ ಕಡೆ ನೋಡಿದರು. ಅಂಗೈ ಗುರುತಿನ ಕಡೆ ನೋಡಿದರು. ಆಮೇಲೆ ಆ ಹೆಸರು ಹೇಳಿದರು, ಮೈಕು ಬಾಯಿಂದ ಒಂದು ಗೇಣು ದೂರವಿತ್ತು.

"ಕೇಳಿಸ್ಲಿಲ್ಲ" ಎಂದು ಹಿಂದಿನಿಂದ ದನಿ ಬಂತು. ಪ್ರವಾಸಿಗಳು ತಿರುಗಿ ನೋಡಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಜೋರಾಗಿ ಹೇಳ್ರೀ. ಇಲ್ಲಿಗೆ ಕೇಳಿಸ್ಲಿಲ್ಲ."

ಮಾವ ಮೈಕನ್ನು ಬಾಯಿಗೆ ಒತ್ತಿಕೊಂಡು ಇನ್ನೊಂದು ಸಲ ಹೇಳಿದರು. ಈ ಸಲ ಗುಡ್ಡದ ತುದಿಯವರೆಗೂ ಕೇಳಿಸಿತು.